ಟ್ಯಾನರ್ಸ್ ಕ್ರಾಸ್‌ನಲ್ಲಿ ಯಾರೂ ನಡೆಯುವುದಿಲ್ಲ

ಜನವರಿ 14, ಮಂಗಳವಾರ

ಆಫೀಸಿನಲ್ಲಿ ಬಾಯಿ ಬಿಡುವಂತಿಲ್ಲ, ಮನೆಯಲ್ಲಿ ಕೇಳುವವರಿಲ್ಲ. ಅದಕ್ಕೇ ಈ ಪುಸ್ತಕ.

ಇವತ್ತಿನಿಂದ ಆರು ವಾರ ಟ್ಯಾನರ್ಸ್ ಕ್ರಾಸ್ ಜಂಕ್ಷನ್ ಸುಧಾರಣೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಸಂಗ್ರಹ. ನಮ್ಮೂರಿನ ಆಡಳಿತ ನಡೆಸುವ ಆಲ್ಡರ್‌ಶಾ ಕೌನ್ಸಿಲ್‌ನಲ್ಲಿ ಈ ಕೆಲಸಕ್ಕಿರುವುದು ನಾನೊಬ್ಬಳೇ. ಹನ್ನೊಂದು ವರ್ಷದಿಂದ ಜನರ ಅಭಿಪ್ರಾಯ ಸಂಗ್ರಹಿಸುತ್ತಿದ್ದೇನೆ. ಒಂದೇ ಒಂದು ಅಭಿಪ್ರಾಯದಿಂದ ಏನಾದರೂ ಬದಲಾದದ್ದು ನನಗೆ ನೆನಪಿಲ್ಲ.

ಯೋಜನೆಗಳು ಎರಡು. ಒಂದು, ಈಗಿರುವ ವೃತ್ತವನ್ನು ಕಿತ್ತು ಸಿಗ್ನಲ್ ದೀಪ ಹಾಕುವುದು. ಎರಡು, ವೃತ್ತವನ್ನೇ ಹಿಗ್ಗಿಸಿ ಇನ್ನೊಂದು ಲೇನ್ ಕೊಡುವುದು. ಫಾರಂನಲ್ಲಿ ಎರಡು ಚೌಕ, ಕೆಳಗೆ ನಾಲ್ಕು ಗೆರೆಯಷ್ಟು ಜಾಗ. ನಮ್ಮ ಮುಖ್ಯಸ್ಥ ಫೆನ್ವಿಕ್ ಬೆಳಗ್ಗೆ ಹೇಳಿದ: "ಜನ ಏನ್ ಬೇಕಾದ್ರೂ ಮಾತಾಡ್ಲಿ ಬ್ರೈನಿ. ಟಿಕ್ ಮಾತ್ರ ಎರಡರಲ್ಲೊಂದಕ್ಕೆ ಬೀಳ್ಬೇಕು."

ಅವನ ಮನಸ್ಸು ಎರಡನೆಯದರ ಮೇಲಿದೆ. ಅದು ಎಲ್ಲರಿಗೂ ಗೊತ್ತು, ಸಾರ್ವಜನಿಕರನ್ನು ಬಿಟ್ಟು.

ಜನವರಿ 18, ಶನಿವಾರ

ಚರ್ಚಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಹೀಟರ್ ಕೆಟ್ಟಿತ್ತು. ಕೋಟು ಬಿಚ್ಚದೆ ಐದು ಗಂಟೆ ನಿಂತೆ. ಆರು ಫಲಕ, ಒಂದು ದೊಡ್ಡ ನಕ್ಷೆ, ಎರಡು ತಟ್ಟೆ ಬಿಸ್ಕತ್ತು. ಬಿಸ್ಕತ್ತಿಗೆ ಒಳ್ಳೆಯ ಪ್ರತಿಕ್ರಿಯೆ.

ಬಾಗಿಲು ತೆರೆಯುವ ಮೊದಲೇ ಹೊರಗೆ ನಿಂತಿದ್ದವರು ಸ್ಟಾನ್ಲಿ ಗ್ರಿಮ್‌ಶಾ. ಎಪ್ಪತ್ತರ ಆಸುಪಾಸು, ರತ್ನಗಂಬಳಿ ಅಂಗಡಿ ಇಟ್ಟು ಈಗ ಮಾರಿದವರು, ಕೈಯಲ್ಲಿ ತಾವೇ ಬಿಡಿಸಿದ ಮೇಲ್ಸೇತುವೆಯ ಚಿತ್ರ.

"ಎರಡೂ ದಂಡ ಕಣಮ್ಮಾ. ಒಂದ್ ಮೇಲ್ಸೇತುವೆ ಹಾಕಿ ಎಸೀರಿ, ಮುಗೀತು."

"ಮೇಲ್ಸೇತುವೆ ಈ ಯೋಜನೆಯಲ್ಲಿಲ್ಲ, ಮಿಸ್ಟರ್ ಗ್ರಿಮ್‌ಶಾ."

"ಅದಕ್ಕೇ ತಾನೆ ನಾನು ಬಂದಿರೋದು?"

ನಲವತ್ತು ನಿಮಿಷ ಬಿಡಲಿಲ್ಲ.

ಮಧ್ಯಾಹ್ನ ಇನ್ನೊಬ್ಬರು. ಕೆಂಪು ಉಣ್ಣೆ ಟೋಪಿ, ಭಾರದ ಚೀಲ. ಎಲ್ಮ್‌ಹರ್ಸ್ಟ್ ವೃದ್ಧಾಶ್ರಮದ ಅಡುಗೆಯವರಂತೆ, ಹೆಸರು ಮಿಸೆಸ್ ಉಡೆ. ನೈಜೀರಿಯಾದಿಂದ ಬಂದು ಇಪ್ಪತ್ತೆರಡು ವರ್ಷವಾಯಿತಂತೆ. ನಕ್ಷೆಯ ಮುಂದೆ ನಿಂತು ವೃತ್ತಕ್ಕೆ ಬಂದು ಸೇರುವ ಮಿಲ್ ರೋಡಿನ ಮೇಲೆ ಬೆರಳಿಟ್ಟರು. ಅಲ್ಲಿ ನಮ್ಮ ಸಮೀಕ್ಷೆಯ ಚೀಟಿ ಅಂಟಿಸಿತ್ತು: ಪಾದಚಾರಿಗಳು ಗಂಟೆಗೆ ಇಬ್ಬರು, ದಾಟುವ ವ್ಯವಸ್ಥೆ ಅಗತ್ಯವಿಲ್ಲ.

"ನಾನು ದಿನಾ ಇಲ್ಲೇ ದಾಟೋದು ಮೇಡಂ. ಬಸ್ ಈ ಕಡೆ ಇಳಿಸುತ್ತೆ, ಕೆಲಸ ಆ ಕಡೆ. ಯಾರೂ ನಡೆಯಲ್ಲ ಅಂತ ಬರ್ದಿದೀರಲ್ಲ, ಹಾಗಾದ್ರೆ ನಾನ್ಯಾರು? ದೆವ್ವನಾ?"

ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ ಎಂದೆ. ಅವರು ಫಾರಂ ತೆಗೆದುಕೊಳ್ಳಲಿಲ್ಲ. ಬಿಸ್ಕತ್ತು ಕೂಡ ಮುಟ್ಟದೆ ಹೋದರು.

ಜನವರಿ 23, ಗುರುವಾರ

ಇವತ್ತಿನವರೆಗೆ ಬಂದ ಫಾರಂಗಳು 118. ಜಂಕ್ಷನ್ ಬಗ್ಗೆ ಬರೆದವರು ಅರ್ಧ ಜನ. ಉಳಿದವರು ಕಸದ ತೊಟ್ಟಿ, ಈಜುಕೊಳದ ನೀರಿನ ಬಿಸಿ, ಕೆರೆಯ ಬಾತುಕೋಳಿಗಳ ದೌರ್ಜನ್ಯ. ಒಬ್ಬಾತ ಎರಡೂ ಚೌಕಕ್ಕೆ ಟಿಕ್ ಹಾಕಿ "ನಿಮ್ಮಿಷ್ಟ" ಎಂದು ಬರೆದಿದ್ದಾನೆ. ಈ ಊರಿನಲ್ಲಿ ನನ್ನನ್ನು ಅರ್ಥಮಾಡಿಕೊಂಡವನು ಅವನೊಬ್ಬನೇ.

ಫೆಬ್ರವರಿ 6, ಗುರುವಾರ

ಮೂರನೆಯ ಪ್ರದರ್ಶನ. ಗ್ರಿಮ್‌ಶಾ ಮತ್ತು ಮಿಸೆಸ್ ಉಡೆ ಒಂದೇ ಹೊತ್ತಿಗೆ ಬಂದದ್ದು ನನ್ನ ಗ್ರಹಚಾರ. ಆಕೆ ಮತ್ತೆ ಮಿಲ್ ರೋಡಿನ ಮಾತೆತ್ತಿದರು, ಈತ ನಡುವೆ ಬಾಯಿ ಹಾಕಿದರು.

"ರೋಡ್ ಇರೋದು ಗಾಡಿಗೆ ಕಣಮ್ಮಾ. ಕೆಳಗೆ ಸುರಂಗದಾರಿ ಇದೆಯಲ್ಲ, ಅದ್ರಲ್ಲಿ ಹೋಗಿ."

"ನೀವು ಯಾವತ್ತಾದ್ರೂ ಇಳಿದಿದೀರಾ ಅದ್ರೊಳಗೆ? ಮೊಣಕಾಲಿನ ತನಕ ನೀರು."

"ಹಾಗಾದ್ರೆ ಬೂಟ್ ಹಾಕ್ಕೊಳ್ಳಿ! ನಾಲ್ಕು ಜನ ದಾಟೋಕೆ ನಾನೂರು ಕಾರು ನಿಲ್ಲಬೇಕಾ?"

"ಒಂದಿನ ನೀವೂ ಎಲ್ಮ್‌ಹರ್ಸ್ಟ್‌ಗೆ ಬರ್ತೀರಿ ಅಣ್ಣಾ. ಅವತ್ತು ಬೆಳಗಿನ ಗಂಜಿ ತಡ ಆದ್ರೆ ನನ್ನ ಕೇಳ್ಬೇಡಿ, ನಿಮ್ಮ ಮೇಲ್ಸೇತುವೆನ ಕೇಳಿ."

ಸುತ್ತಲಿದ್ದವರು ನಕ್ಕರು. ಗ್ರಿಮ್‌ಶಾ ಮುಖ ಕೆಂಪಗಾಯಿತು. ನಾನು ಇಬ್ಬರ ನಡುವೆ ನಿಂತು, ಎಲ್ಲರ ಅಭಿಪ್ರಾಯವೂ ದಾಖಲಾಗುತ್ತದೆ ಎಂದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ತಿರುಗಿಬಿದ್ದರು. ಇಡೀ ಸಂಜೆಯಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಫೆಬ್ರವರಿ 12, ಬುಧವಾರ

ನಿನ್ನೆ ಬೆಳಗ್ಗೆ ಆರೂವರೆಗೆ ಮಿಲ್ ರೋಡಿನಲ್ಲಿ ಒಬ್ಬ ಹುಡುಗಿಗೆ ಕಾರು ಬಡಿಯಿತು. ಜೋಸಿ ಕ್ಲೆಗ್, ಇಪ್ಪತ್ಮೂರು ವರ್ಷ, ಎಲ್ಮ್‌ಹರ್ಸ್ಟ್‌ನಲ್ಲಿ ಮುದುಕರ ಆರೈಕೆಯ ಕೆಲಸ. ಬಸ್ಸಿಳಿದು ದಾಟುತ್ತಿದ್ದಳು. ಕಾಲು ಎರಡು ಕಡೆ ಮುರಿದಿದೆ, ಸೊಂಟಕ್ಕೂ ಏಟು. ಜೀವಕ್ಕೆ ಅಪಾಯವಿಲ್ಲವಂತೆ.

ಕಾರು ಸ್ಟಾನ್ಲಿ ಗ್ರಿಮ್‌ಶಾ ಅವರದು.

ಫೆನ್ವಿಕ್ ಕಿಟಕಿಯ ಹತ್ತಿರ ನಿಂತು ಕಾಫಿ ಕುಡಿಯುತ್ತ ಹೇಳಿದ: "ದುಃಖದ ವಿಷಯ. ಆದ್ರೆ ಅದು ದಾಟೋ ಜಾಗ ಅಲ್ವಲ್ಲ. ನಮ್ಮ ವರದಿಗೆ ಬರಲ್ಲ."

ಅವನು ಹೇಳಿದ್ದು ಸರಿಯೇ. ನಿಯಮ ಹಾಗೆಯೇ ಇದೆ. ಆದರೂ ಮಧ್ಯಾಹ್ನದ ಸ್ಯಾಂಡ್‌ವಿಚ್ ಕಸದ ಬುಟ್ಟಿಗೆ ಹಾಕಿದೆ.

ಫೆಬ್ರವರಿ 13, ಗುರುವಾರ

ಗ್ರಿಮ್‌ಶಾ ಆಫೀಸಿಗೆ ಬಂದರು. ಕ್ಷೌರ ಮಾಡಿರಲಿಲ್ಲ. ಮೇಲ್ಸೇತುವೆಯ ಚಿತ್ರ ಕೈಯಲ್ಲಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತವರು ಬಹಳ ಹೊತ್ತು ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಿದ್ದರು.

"ವೇಗ ಇರ್ಲಿಲ್ಲಮ್ಮಾ. ಪೊಲೀಸ್ರೂ ಅದನ್ನೇ ಅಂದ್ರು. ತಪ್ಪು ನಿಮ್ಮದಲ್ಲ ಅಂತ ಬರ್ಕೊಂಡು ಹೋದ್ರು."

"ಹಾಗಿದ್ದ ಮೇಲೆ…"

"ನಾನು ಆ ಕಡೆ ನೋಡ್ಲೇ ಇಲ್ಲ! ಯಾಕ್ ನೋಡ್ಲಿ? ನಿಮ್ಮ ಚೀಟೀಲೇ ಇತ್ತಲ್ಲ, ಅಲ್ಲಿ ಯಾರೂ ನಡೆಯಲ್ಲ ಅಂತ. ಆ ಅಡುಗೆಯಮ್ಮ ಬಾಯಿ ಬಡ್ಕೊಂಡು ಹೇಳಿದ್ಲು. ನಾನು ಬೂಟ್ ಹಾಕ್ಕೋ ಅಂದೆ." ಮೂಗು ಒರೆಸಿಕೊಂಡರು. "ಗಂಟೆಗೆ ಇಬ್ಬರು ಅಂದ್ರೆ, ಆ ಇಬ್ಬರಲ್ಲಿ ಒಬ್ಬಳನ್ನ ನಾನೇ ಹೊಡೆದೆನಾ?"

ಅವರು ಹೋದ ಮೇಲೆ ಎಂಜಿನಿಯರ್ ಮಾರೆಕ್‌ನ ಮೇಜಿಗೆ ಹೋಗಿ, ಸಮೀಕ್ಷೆಗೆ ಜನರನ್ನು ಎಣಿಸಿದ ಕ್ಯಾಮೆರಾ ಎಲ್ಲಿ ಕಟ್ಟಿದ್ದಿರಿ ಎಂದು ಕೇಳಿದೆ. ಸುರಂಗದಾರಿಯ ಬಾಯಲ್ಲಿ ಎಂದ. ಬಸ್ ನಿಲ್ದಾಣ ಅಲ್ಲಿಂದ ಎಂಬತ್ತು ಮೀಟರ್ ಆಚೆ.

"ಅಲ್ಲೇ ಯಾಕೆ ಕಟ್ಟಿದ್ರಿ?"

"ಕಂಬ ಅಲ್ಲಿತ್ತು."

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಲ್ಲ.

ಫೆಬ್ರವರಿ 17, ಸೋಮವಾರ

ಬೆಳಗಿನಿಂದ ಫೋನು. ಯಾರೋ ಮುದುಕ ಹೊಳೆಯುವ ಹಳದಿ ಜಾಕೆಟ್ ತೊಟ್ಟು ಮಿಲ್ ರೋಡಿನ ನಡುವೆ ನಿಂತು ಕಾರುಗಳನ್ನು ತಡೆದು ಜನರನ್ನು ದಾಟಿಸುತ್ತಿದ್ದಾನಂತೆ. ಯಾರೆಂದು ಕೇಳಬೇಕಾಗಿರಲಿಲ್ಲ. ಪೊಲೀಸರು ಎರಡು ಸಲ ಸರಿಸಿ ಕಳಿಸಿದರಂತೆ. ಎರಡು ಸಲವೂ ಮೂಲೆ ತಿರುಗಿ ವಾಪಸ್ ಬಂದರಂತೆ.

ಫೆನ್ವಿಕ್: "ನಿಮ್ಮ ಸಾರ್ವಜನಿಕರು ತಾನೆ? ನೀವೇ ಹೋಗಿ ಸಮಾಧಾನ ಮಾಡಿ."

ನನ್ನ ಸಾರ್ವಜನಿಕರು! ನಾನೇನು ಅವರನ್ನು ಹೆತ್ತೆನೆ?

ನಾಳೆ ಆರು ಗಂಟೆಗೆ ಹೋಗಬೇಕು. ಹೊರಗೆ ಹಿಮ ಹೆಪ್ಪುಗಟ್ಟುತ್ತಿದೆ.

ಫೆಬ್ರವರಿ 18, ಮಂಗಳವಾರ

ಕಾರನ್ನು ದೂರ ನಿಲ್ಲಿಸಿ ನಡೆದು ಹೋದೆ. ಹನ್ನೊಂದು ವರ್ಷದಲ್ಲಿ ಈ ಜಂಕ್ಷನ್‌ಗೆ ನಡೆದು ಬಂದದ್ದು ಇದೇ ಮೊದಲು ಎಂದು ರಸ್ತೆಬದಿಯ ಕಂಬಿ ಬೇಲಿಯ ಹತ್ತಿರ ಬಂದಾಗ ಹೊಳೆಯಿತು. ಬೇಲಿಯಲ್ಲಿ ಎರಡು ಕಂಬಿ ಇಲ್ಲ. ಮುರಿದ ಜಾಗದ ನೆಲದಲ್ಲಿ ಹುಲ್ಲು ಸವೆದು ಕಾಲುದಾರಿಯೇ ಬಿದ್ದಿದೆ. ವರ್ಷಗಟ್ಟಲೆ ಜನ ತುಳಿದರೆ ಮಾತ್ರ ಅಂಥ ದಾರಿ ಬೀಳುತ್ತದೆ.

ಗ್ರಿಮ್‌ಶಾ ಅಲ್ಲೇ ಇದ್ದರು. ಕೈಗವಸಿನ ಮೇಲೆ ಮಂಜು.

"ಮಿಸ್ಟರ್ ಗ್ರಿಮ್‌ಶಾ, ಇದು ಕಾನೂನಿಗೆ ವಿರುದ್ಧ. ದಯವಿಟ್ಟು ಮನೆಗೆ ಹೋಗಿ."

"ಬಸ್ ಬಂತು, ತಡೀರಿ."

ಬಸ್ಸಿನಿಂದ ಹದಿನೆಂಟು ಜನ ಇಳಿದರು. ಆರೈಕೆಯ ಹುಡುಗಿಯರು, ಕಸ ಗುಡಿಸುವವರು, ಲಾಂಡ್ರಿಯವರು, ಇಬ್ಬರು ಮಕ್ಕಳನ್ನು ಹಿಡಿದುಕೊಂಡ ಒಬ್ಬ ತಾಯಿ. ಎಲ್ಲರೂ ಬೇಲಿಯ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳಿದರು. ಗ್ರಿಮ್‌ಶಾ ಈ ಕಡೆಯ ಲೇನ್ ತಡೆದರು. ಆ ಕಡೆಯ ಲೇನ್‌ನಲ್ಲಿ ಕಾರುಗಳು ಬರುತ್ತಲೇ ಇದ್ದವು, ಯಾರೂ ನಿಲ್ಲಿಸಲಿಲ್ಲ. ಹದಿನೆಂಟು ಜನ ರಸ್ತೆಯ ನಡುವೆ ಒಂದು ಬಿಳಿ ಗೆರೆಯ ಮೇಲೆ ನಿಂತರು. ಚಿಕ್ಕ ಮಗು ತಾಯಿಯ ಕೋಟಿನೊಳಗೆ ಮುಖ ಇಟ್ಟಿತ್ತು.

ಆಮೇಲೆ ಏನಾಯಿತೆಂದು ಸರಿಯಾಗಿ ಬರೆಯಲು ಬರುತ್ತಿಲ್ಲ. ನಾನು ಆ ಲೇನ್‌ಗೆ ಇಳಿದು ಎರಡೂ ಕೈ ಎತ್ತಿದೆ. ಒಂದು ವ್ಯಾನು ನನ್ನ ಮೊಣಕಾಲಿಗೆ ಒಂದು ಗಜ ದೂರದಲ್ಲಿ ಕಿರುಚಿ ನಿಂತಿತು. ಚಾಲಕ ತಲೆ ಹೊರಗೆ ಹಾಕಿ ನನ್ನ ತಾಯಿಯನ್ನು ನೆನೆದ.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಕೌನ್ಸಿಲ್‌ನಿಂದ ಬಂದಿದೀನಿ!" ಎಂದೆ. ಅದಕ್ಕಿಂತ ಹಾಸ್ಯಾಸ್ಪದ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ.

ಕೊನೆಯಲ್ಲಿ ದಾಟಿದವರು ಮಿಸೆಸ್ ಉಡೆ. ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈ ಚಪ್ಪಟೆ ಶೂನಲ್ಲಿ ನಿಂತ್ರೆ ಜಾರ್ತೀಯ ತಂಗಿ. ನಾಳೆ ಬೂಟ್ ಹಾಕ್ಕೊಂಡು ಬಾ."

ನಾಳೆ ಬರುವ ಉದ್ದೇಶ ನನಗಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಇನ್ನೊಂದು ಬಸ್ ಬಂತು. ಒಂಬತ್ತು ಗಂಟೆಯವರೆಗೆ ನಿಂತೆವು. ಚಳಿಗೆ ಬೆರಳು ಮರಗಟ್ಟದಿರಲೆಂದು, ದಾಟಿದ ಒಬ್ಬೊಬ್ಬರಿಗೂ ಫಾರಂ ಒಂದರ ಹಿಂಬದಿಯಲ್ಲಿ ಒಂದೊಂದು ಗೀಟು ಹಾಕುತ್ತ ಹೋದೆ. 212 ಜನ.

ಫೆಬ್ರವರಿ 19, ಬುಧವಾರ

209. ಬೂಟು ಹಾಕಿಕೊಂಡಿದ್ದೆ.

ಫೆಬ್ರವರಿ 20, ಗುರುವಾರ

231, ಆಸ್ಪತ್ರೆಯ ಬಸ್ಸೂ ಸೇರಿ. ಮಿಸೆಸ್ ಉಡೆ ಡಬ್ಬಿಯಲ್ಲಿ ಖಾರದ ಕೆಂಪು ಅನ್ನ ತಂದುಕೊಟ್ಟರು. ಬೆಳಗ್ಗೆ ಏಳಕ್ಕೆ ಯಾರಾದರೂ ಅದನ್ನು ತಿನ್ನುತ್ತಾರೆಯೇ? ನಾನು ತಿಂದೆ. ಗ್ರಿಮ್‌ಶಾ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸಿದರು. "ಖಾರ, ಖಾರ ಕಣಮ್ಮಾ," ಎನ್ನುತ್ತಿದ್ದರು. ಆಕೆ ನಗಲಿಲ್ಲ, ಅವರ ಬೆನ್ನು ಸವರಿದರು.

ಜೋಸಿಗೆ ಶಸ್ತ್ರಚಿಕಿತ್ಸೆ ಆಯಿತಂತೆ. ಕಾಲಿನಲ್ಲಿ ಕಬ್ಬಿಣದ ಸರಳು. ಗ್ರಿಮ್‌ಶಾ ಆಸ್ಪತ್ರೆಗೆ ಹೋಗಿ ಹೊರಗಿನಿಂದಲೇ ವಾಪಸ್ ಬಂದರಂತೆ, ಎರಡು ಸಲ.

ಫೆಬ್ರವರಿ 24, ಸೋಮವಾರ

ಊರಿನ ಪತ್ರಿಕೆಯಲ್ಲಿ ಫೋಟೋ. ರಸ್ತೆಯ ನಡುವೆ ಕೈ ಎತ್ತಿ ನಿಂತಿರುವ ನಾನು, ಕುತ್ತಿಗೆಯಲ್ಲಿ ಕೌನ್ಸಿಲ್‌ನ ಗುರುತಿನ ಚೀಟಿ. ಬಾಯಿ ತೆರೆದಿದೆ. ಬಹುಶಃ ವ್ಯಾನಿನವನಿಗೆ ಉತ್ತರ ಕೊಡುತ್ತಿದ್ದೆ.

ಫೆನ್ವಿಕ್ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಇಟ್ಟಿದ್ದ.

"ನಮ್ಮ ಕೆಲಸದಲ್ಲಿ ಇರ್ಬೇಕಾದ್ದು ಒಂದೇ ಗುಣ ಬ್ರೈನಿ. ಯಾವ ಪಕ್ಷಾನೂ ವಹಿಸಬಾರದು."

"ನಾನು ಪಕ್ಷ ವಹಿಸಿಲ್ಲ. ಕಾರಿಗೆ ಅಡ್ಡ ನಿಂತೆ ಅಷ್ಟೇ."

"ಅದನ್ನೇ ಜನ ಪಕ್ಷ ಅನ್ನೋದು."

ಬುಧವಾರ ವರದಿ ಒಪ್ಪಿಸಬೇಕು. ಆಮೇಲೆ ಈ ಕೆಲಸ ನನ್ನದಲ್ಲ. ನನಗೆ ಗ್ರಂಥಾಲಯದ ವೇಳೆ ಬದಲಾವಣೆಯ ಸಮೀಕ್ಷೆ. ಇಷ್ಟು ದಿನ ಈ ಜಂಕ್ಷನ್‌ನಿಂದ ಬಿಡುಗಡೆ ಬೇಕು ಅಂತ ಬಯಸಿದವಳು ನಾನೇ. ಸಿಕ್ಕಿತು. ಸಿಟ್ಟು ಯಾಕೆ ಬರುತ್ತಿದೆಯೋ ತಿಳಿಯದು.

ಮಾರ್ಚ್ 3, ಸೋಮವಾರ

ವರದಿಯ ಮೊದಲ ಪುಟದಲ್ಲೇ ನನ್ನ ಎಣಿಕೆ ಬರೆದಿದ್ದೆ: ಮೂರು ಬೆಳಗು, 652 ಜನ. ಇವತ್ತು ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಜಂಕ್ಷನ್‌ನ ಬಣ್ಣದ ಚಿತ್ರ ಮತ್ತು ಎರಡನೆಯ ಯೋಜನೆಯ ಗುಣಗಾನ. ನನ್ನ ಎಣಿಕೆಯನ್ನು ಹುಡುಕಿ ಹುಡುಕಿ ಕಣ್ಣು ನೋಯಿತು. ಏಳನೆಯ ಅನುಬಂಧ, ತೊಂಬತ್ತನಾಲ್ಕನೆಯ ಪುಟ, ಬಾತುಕೋಳಿಗಳ ದೂರಿನ ಕೆಳಗೆ.

ಸುಳ್ಳು ಎನ್ನುವಂತಿಲ್ಲ. ಎಲ್ಲವೂ ದಾಖಲಾಗಿದೆ! ಹನ್ನೊಂದು ವರ್ಷದಿಂದ ನಾನೇ ಎಷ್ಟು ಜನರ ಮಾತನ್ನು ತೊಂಬತ್ತನಾಲ್ಕನೆಯ ಪುಟಕ್ಕೆ ಕಳಿಸಿದ್ದೇನೋ.

ಮಾರ್ಚ್ 5, ಬುಧವಾರ

ಯಾವ ಯೋಜನೆ ಎಂದು ತೀರ್ಮಾನಿಸುವ ಸಮಿತಿಯ ಸಭೆ ಹದಿನೆಂಟಕ್ಕೆ. ಅಲ್ಲಿ ಊರಿನ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಮೊದಲೇ ಹೆಸರು ಕೊಡಬೇಕು ಅಷ್ಟೇ. ನೌಕರರು ಮಾತಾಡುವಂತಿಲ್ಲ.

ಗ್ರಿಮ್‌ಶಾಗೆ ಫೋನ್ ಮಾಡಿದೆ. ನಾನು ಮಾಡಬಾರದಾಗಿದ್ದ ಕೆಲಸ.

"ತೊಂಬತ್ತನಾಲ್ಕನೇ ಪುಟ ನೋಡಿ. ಸಭೇಲಿ ಅದನ್ನ ನೀವೇ ಹೇಳಿ."

"ಮೂರು ನಿಮಿಷ ನನ್ನಿಂದಾಗಲ್ಲಮ್ಮಾ. ಆ ಹುಡುಗೀನ ನಾನೇ ಹೊಡೆದೆ ಅಂತ ಎಲ್ಲರ ಮುಂದೆ ಹೇಳ್ಬೇಕಾಗುತ್ತೆ."

"ಹೌದು, ಹೇಳ್ಬೇಕಾಗುತ್ತೆ."

ಫೋನ್ ಇಟ್ಟುಬಿಟ್ಟರು. ಹೋಗಲಿ. ನಲವತ್ತು ನಿಮಿಷ ಮೇಲ್ಸೇತುವೆಯ ಬಗ್ಗೆ ಮಾತಾಡಬಲ್ಲ ಮನುಷ್ಯನಿಗೆ ಮೂರು ನಿಮಿಷ ಆಗುವುದಿಲ್ಲವಂತೆ!

ಮಾರ್ಚ್ 18, ಮಂಗಳವಾರ

ಅರ್ಧ ದಿನ ರಜೆ ಹಾಕಿ ಸಭೆಗೆ ಹೋದೆ. ಜನರ ಸಾಲಿನಲ್ಲಿ ಕೂತೆ. ಆ ಕುರ್ಚಿಗಳು ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಮಿಸೆಸ್ ಉಡೆ, ಅವರ ಪಕ್ಕ ಗಾಲಿಕುರ್ಚಿಯಲ್ಲಿ ಜೋಸಿ. ಸಣ್ಣ ಮುಖ, ಕಚ್ಚಿದ ಉಗುರುಗಳು. ಕಾಲು ನೆಟ್ಟಗೆ ಮುಂದಕ್ಕೆ ಚಾಚಿತ್ತು.

ಗ್ರಿಮ್‌ಶಾ ಸೂಟು ಹಾಕಿ ಬಂದಿದ್ದರು. ಹೆಸರು ಕರೆದಾಗ ಎದ್ದರು. ಜೋಸಿ ಬಂದಿರುವುದನ್ನು ಆಗಷ್ಟೇ ನೋಡಿರಬೇಕು. ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು.

"ನಾನು ಸ್ಟಾನ್ಲಿ ಗ್ರಿಮ್‌ಶಾ. ಫೆಬ್ರವರಿ ಹನ್ನೊಂದಕ್ಕೆ ಅಲ್ಲಿ ಕೂತಿರೋ ಹುಡುಗಿಗೆ ಕಾರು ಹೊಡೆದವನು ನಾನೇ. ಪೊಲೀಸ್ರು ನಿನ್ನ ತಪ್ಪಲ್ಲ ಅಂದ್ರು. ನಾನು ಐವತ್ತು ವರ್ಷ ಅದೇ ರೋಡಲ್ಲಿ ಓಡಾಡಿದೀನಿ, ಅಲ್ಲಿ ಒಬ್ಬರೂ ಕಾಣ್ಲಿಲ್ಲ ನಂಗೆ. ಆಮೇಲೆ ಮೂರು ದಿನ ನಿಂತು ನೋಡ್ದೆ. ಆರುನೂರಾ ಐವತ್ತೆರಡು ಜನ ಕಂಡ್ರು. ನಿಮ್ಮ ವರದಿ ತೊಂಬತ್ತನಾಲ್ಕನೇ ಪುಟದಲ್ಲಿದೆ. ಬಾತುಕೋಳಿ ಕೆಳಗೆ. ಇಷ್ಟೇ ನಾನು ಹೇಳೋದು."

ಕೂತುಬಿಟ್ಟರು. ಒಂದೂವರೆ ನಿಮಿಷವೂ ಆಗಿರಲಿಲ್ಲ. ಸದಸ್ಯರೆಲ್ಲ ಪುಟ ತಿರುವುವ ಸದ್ದು. ಅಧ್ಯಕ್ಷೆ ಕನ್ನಡಕ ಏರಿಸಿ ಕೇಳಿದರು: "ಗಂಟೆಗೆ ಎರಡು ಎಲ್ಲಿ, ಮೂರು ಬೆಳಗಿಗೆ ಆರುನೂರಾ ಐವತ್ತೆರಡು ಎಲ್ಲಿ? ಕ್ಯಾಮೆರಾ ಎಲ್ಲಿಟ್ಟಿದ್ರಿ?"

ಮಾರೆಕ್ ಫೆನ್ವಿಕ್‌ನ ಮುಖ ನೋಡಿದ. ಫೆನ್ವಿಕ್ ಛಾವಣಿ ನೋಡುತ್ತಿದ್ದ.

"ಎಂಬತ್ತು ಮೀಟರ್ ದೂರದಲ್ಲಿ," ಎಂದ ಮಾರೆಕ್. "ಅಲ್ಲೊಂದು ಕಂಬ ಇತ್ತು."

ಎರಡನೆಯ ಯೋಜನೆ ಬಿತ್ತು. ಎರಡರ ವಿರುದ್ಧ ಏಳು ಮತಗಳಿಂದ ಮೊದಲನೆಯದಕ್ಕೆ ಒಪ್ಪಿಗೆ, ಮಿಲ್ ರೋಡಿಗೂ ದಾಟುವ ದೀಪ ಸೇರಿಸಿ. ಕಾಮಗಾರಿಗೆ ಎರಡು ವರ್ಷ ಬೇಕು, ಅಲ್ಲಿಯವರೆಗೆ ತಾತ್ಕಾಲಿಕ ದೀಪ, ಅದು ಸೆಪ್ಟೆಂಬರ್ ಹೊತ್ತಿಗೆ.

ಹೊರಗೆ ಮೆಟ್ಟಿಲ ಬಳಿ ಗ್ರಿಮ್‌ಶಾ ಜೋಸಿಯ ಮುಂದೆ ಬಂದು ನಿಂತರು. ಟೋಪಿ ತೆಗೆದರು. ಅವಳೇ ಮೊದಲು ಮಾತಾಡಿದಳು.

"ನಿಮ್ಮನ್ನ ಕ್ಷಮಿಸೋ ಅಷ್ಟು ನೋವಿನ್ನೂ ಕಮ್ಮಿ ಆಗಿಲ್ಲ. ಆದ್ರೆ ನೀವು ಹೇಳಿದ್ದು ಚೆನ್ನಾಗಿತ್ತು."

"ಅಷ್ಟು ಸಾಕು ಮಗಳೇ," ಎಂದರು.

ಮಾರ್ಚ್ 27, ಗುರುವಾರ

ಎಚ್ಚರಿಕೆಯ ಪತ್ರ ಕೈಗೆ ಬಂತು. ಪುಟದ ಸಂಖ್ಯೆ ಗ್ರಿಮ್‌ಶಾಗೆ ಹೇಳಿದ್ದು ಯಾರೆಂದು ಫೆನ್ವಿಕ್ ಊಹಿಸಿದ್ದಾನೆ, ನಾನೂ ಅಲ್ಲಗಳೆಯಲಿಲ್ಲ. ಇನ್ನು ಎರಡು ವರ್ಷ ಬಡ್ತಿ ಇಲ್ಲ.

ಗ್ರಂಥಾಲಯದ ಫಾರಂಗಳು ಬರತೊಡಗಿವೆ. ಜನ ಇಲ್ಲಿಯೂ ಕಸದ ತೊಟ್ಟಿಯ ಬಗ್ಗೆಯೇ ಬರೆಯುತ್ತಾರೆ. ಮಧ್ಯಾಹ್ನ ಗ್ರಂಥಾಲಯದಲ್ಲೇ ಕೂತು ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂದು ನೋಡಿದೆ. ಆಫೀಸಿನ ಹೀಟರ್ ಸರಿಯಿಲ್ಲ, ಅದಕ್ಕೆ.

ಸೆಪ್ಟೆಂಬರ್ 8, ಸೋಮವಾರ

ಮಿಲ್ ರೋಡಿನ ತಾತ್ಕಾಲಿಕ ದೀಪ ಇವತ್ತು ಶುರುವಾಯಿತು. ಜೋಸಿ ಕೆಲಸಕ್ಕೆ ಮರಳುವ ದಿನವೂ ಇದೇ. ಇತ್ತೀಚೆಗೆ ನಾನು ಆ ಬಸ್ಸಿನಲ್ಲೇ ಓಡಾಡುತ್ತೇನೆ, ಕಾರು ನಿಲ್ಲಿಸಲು ಜಾಗ ಹುಡುಕಿ ಸಾಕಾಯಿತು. ಹಾಗಾಗಿ ಮಿಸೆಸ್ ಉಡೆ, ಜೋಸಿ, ನಾನು ಒಟ್ಟಿಗೇ ಇಳಿದೆವು.

ಗುಂಡಿ ಒತ್ತಿದೆವು. ಕಾರುಗಳು ನಿಂತವು, ಹಸಿರು ಬಂತು. ಜೋಸಿ ಕದಲಲಿಲ್ಲ. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಹಸಿರು ಹೋಯಿತು. ಎರಡನೆಯ ಸಲವೂ ಹೀಗೇ.

"ನೀವು ಹೋಗಿ ಆಂಟಿ. ಗಂಜಿ ತಡ ಆಗುತ್ತೆ."

"ಆಗ್ಲಿ ಬಿಡು," ಎಂದರು ಮಿಸೆಸ್ ಉಡೆ. "ಇಪ್ಪತ್ತೆರಡು ವರ್ಷ ನಾನು ಕಾರಿಗೆ ಕಾದೆ. ಇವತ್ತು ಕಾರು ನಮಗೆ ಕಾಯ್ಲಿ."

ಮೂರನೆಯ ಸಲ ಇಬ್ಬರೂ ಅವಳ ಒಂದೊಂದು ತೋಳು ಹಿಡಿದೆವು. ನಡೆದಳು. ಹೆಜ್ಜೆ, ಊರುಗೋಲು, ಹೆಜ್ಜೆ. ಮುಕ್ಕಾಲು ರಸ್ತೆ ದಾಟಿರಲಿಲ್ಲ, ಹಸಿರು ಆರಿಹೋಯಿತು! ಅವಳ ತೋಳು ನನ್ನ ಕೈಯಲ್ಲಿ ಕಲ್ಲಾಯಿತು. ಹೇಗೋ ಆಚೆ ದಡ ಸೇರಿಸಿದೆವು. ಆಮೇಲೆ ಅವಳು ಬೇಲಿ ಹಿಡಿದು ನಕ್ಕಳು, ಅತ್ತಳು, ಕೆಲಸಕ್ಕೆ ಹೋದಳು.

ನಾನು ಅಲ್ಲೇ ನಿಂತು ಗಡಿಯಾರ ಹಿಡಿದು ನೋಡಿದೆ. ಒಂಬತ್ತು ಸೆಕೆಂಡು. ಯಾವ ಮಹಾಶಯ ಕೂತು ಲೆಕ್ಕ ಹಾಕಿದನೋ! ಊರುಗೋಲಿನವರು, ಮಕ್ಕಳ ಕೈ ಹಿಡಿದವರು ಹಾರಿಕೊಂಡು ಹೋಗಬೇಕೆ?

ಆಫೀಸಿಗೆ ಹೋದ ತಕ್ಷಣ ಕೌನ್ಸಿಲ್‌ನ ದೂರಿನ ವಿಳಾಸಕ್ಕೇ ಬರೆದೆ, ಊರಿನ ನಿವಾಸಿಯಾಗಿ, ಸೆಕೆಂಡುಗಳ ಸಮೇತ. ಒಂದೇ ನಿಮಿಷದಲ್ಲಿ ಉತ್ತರ ಬಂತು: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಇಪ್ಪತ್ತೊಂದು ಕೆಲಸದ ದಿನಗಳೊಳಗೆ ಉತ್ತರಿಸಲು ಪ್ರಯತ್ನಿಸುತ್ತೇವೆ. ಈ ಪತ್ರಕ್ಕೆ ಮರು ಉತ್ತರ ಬರೆಯಬೇಡಿ."

ಇಂಥ ಸತ್ತ ಮಾತನ್ನು ಯಾವ ಪುಣ್ಯಾತ್ಮರು ಬರೆದರು ಎಂದು ಜೋರಾಗಿಯೇ ಬೈದೆ. ಪಕ್ಕದ ಮೇಜಿನವಳು ತಲೆ ಎತ್ತಿ, "ನೀವೇ ಬರೆದಿದ್ದಲ್ವಾ ಬ್ರೈನಿ, ಮೂರು ವರ್ಷದ ಹಿಂದೆ?" ಎಂದಳು.

ಇರಬಹುದು. ನೆನಪಿಲ್ಲ. ಆದರೆ ಇಪ್ಪತ್ತೊಂದು ದಿನ ಯಾರು ಕಾಯುತ್ತಾರೆ? ನಾಳೆ ಬೆಳಗ್ಗೆ ಎಂಜಿನಿಯರ್ ಮಾರೆಕ್‌ನನ್ನು ಕಾಲರ್ ಹಿಡಿದು ಆ ಬಸ್ಸಿಗೆ ಹತ್ತಿಸುತ್ತೇನೆ.